ಚೇರ್ಮನ್ ಅಂತ ಬರೆದಿದ್ದ ಗಾಡಿ

ಗಾಡಿಯ ಬೆನ್ನ ಮೇಲೆ ಏನಾದರೂ ಬರೆಸದಿದ್ದರೆ ನಮ್ಮ ಕಡೆ ಮಂದಿಗೆ ಗಾಡಿ ತಗೊಂಡ ಸಮಾಧಾನವೇ ಇರೋದಿಲ್ಲ. ಟ್ರ್ಯಾಕ್ಟರಿನ ಹಿಂದೆ ಅವ್ವನ ಹೆಸರು, ಆಟೋದ ಹಿಂದೆ ಮಗಳ ಹೆಸರು, ಜೀಪಿನ ಹಿಂದೆ ಹುದ್ದೆ. ಮಸರಕಲ್ಲಿನಲ್ಲಿ ಒಬ್ಬ ಪುಣ್ಯಾತ್ಮ ಪಂಚಾಯ್ತಿ ಚುನಾವಣೆ ಸೋತು ಹತ್ತು ವರ್ಷ ಆಯಿತು, ಅವನ ಬೈಕಿನ ಮೇಲೆ ಇವತ್ತಿಗೂ ‘ಸದಸ್ಯರು’ ಅಂತ ಬರೆದದ್ದು ಹಾಗೇ ಅದೆ. ಅದನ್ನು ಅಳಿಸಿದರೆ ಬೈಕು ಚಾಲೂ ಆಗಲಿಕ್ಕಿಲ್ಲ ಅಂತ ಅವನ ಅಂಜಿಕೆ.

ಹೀಗಿರುವಾಗ ಆ ಗುರುವಾರ ಮುಂಜಾನೆ ಹತ್ತರ ಸುಮಾರಿಗೆ ನಮ್ಮ ರಾಯಚೂರು ಜಿಲ್ಲೆಯ ಜಾಲಹಳ್ಳಿ ಬಸ್ ಸ್ಟ್ಯಾಂಡಿನ ಮುಂದೆ ಬಂದು ನಿಂತ ಕರಿ ಗಾಡಿಯ ಬೆನ್ನ ಮೇಲೆ ಬೆಳ್ಳಿ ಬಣ್ಣದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ‘ಚೇರ್ಮನ್’ ಅಂತ ಓದಿಕೊಂಡ ಮರಿಸ್ವಾಮಿ, ಅದು ಚೇರ್ಮನ್ನರ ಗಾಡಿ ಅಂತ ತಿಳಿದದ್ದರಲ್ಲಿ ಅವನ ತಪ್ಪೇನೂ ಇಲ್ಲ. ಅವನ ತಪ್ಪೆಲ್ಲ ಆಮೇಲಿನದು.

ಮರಿಸ್ವಾಮಿ ಒಂದು ಸೌಹಾರ್ದ ಬ್ಯಾಂಕಿನ ಜಾಲಹಳ್ಳಿ ಶಾಖೆಯಲ್ಲಿ ಗುಮಾಸ್ತ. ವಯಸ್ಸು ನಲವತ್ತೆಂಟು. ಹೆಂಡತಿ ಉಮಾಶ್ರೀ ರಾಯಚೂರಿನಲ್ಲಿ. ಎರಡು ವರ್ಷದ ಹಿಂದೆ ಆಕೆಯ ಎರಡೂ ಮೂತ್ರಪಿಂಡ ಕೈಕೊಟ್ಟವು. ಅಂದಿನಿಂದ ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ ಆಸ್ಪತ್ರೆಗೆ ಹೋಗಿ ಮಷೀನಿಗೆ ಕೈ ಕೊಟ್ಟು ನಾಲ್ಕು ತಾಸು ಮಲಗಬೇಕು. ರಕ್ತವೆಲ್ಲ ಹೊರಗೆ ಹೋಗಿ ತೊಳೆದು ಒಳಗೆ ಬರುವ ತನಕ ಪಕ್ಕದಲ್ಲಿ ಒಬ್ಬರು ಕೂಡಬೇಕು, ಅದು ಆಸ್ಪತ್ರೆಯ ಕಾನೂನು. ಮಕ್ಕಳಿಲ್ಲ. ಮರಿಸ್ವಾಮಿಗೆ ವಾರಕ್ಕೆ ಎರಡು ರಜೆ ಯಾರು ಕೊಡುತ್ತಾರೆ? ಪಕ್ಕದ ಮನೆಯ ವಾಹಿದಾ ತನ್ನ ಹೊಲಿಗೆ ಮಷೀನು ಬಿಟ್ಟು ಎರಡು ವರ್ಷದಿಂದ ಉಮಾಶ್ರೀಯ ಪಕ್ಕದಲ್ಲಿ ಕೂಡುತ್ತಿದ್ದಳು. ಆದರೆ ಈಗ ವಾಹಿದಾಳ ಮಗಳದು ಹೆರಿಗೆ ಹತ್ತಿರ ಬಂದಿತ್ತು. ಆಕೆ ತಾನಾಗಿ ಒಂದು ಮಾತೂ ಅಂದಿರಲಿಲ್ಲ. ಅನ್ನದಿದ್ದದ್ದೇ ಉಮಾಶ್ರೀಗೆ ಭಾರವಾಗಿತ್ತು.

ಈಗ ರಾಯಚೂರು ಶಾಖೆಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ವರ್ಗಾವಣೆಗೆ ಚೇರ್ಮನ್ನರ ಸಹಿ ಬೇಕು. ಸಹಿ ಬಿದ್ದ ಅರ್ಜಿ ಇವತ್ತು ಸಂಜೆ ಐದರೊಳಗೆ ಫೈಲಿನಲ್ಲಿ ಇರಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಮ್ಯಾನೇಜರು ನಿನ್ನೆಯೇ ಶಿಫಾರಸು ಬರೆದು ಸಹಿ ಮಾಡಿ, ಒಳ್ಳೆಯದಾಗಲಿ ಅಂತ ಹರಸಿ, ಫೋನು ಬಂದ್ ಮಾಡಿಕೊಂಡು ಧರ್ಮಸ್ಥಳದ ಬಸ್ಸು ಹತ್ತಿದ್ದರು. ಚೇರ್ಮನ್ನರು ಮಾತ್ರ ಹದಿನೈದು ದಿನದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಮುದುಕಪ್ಪ ಸಾಹುಕಾರ ಅಂತ ಅವರ ಹೆಸರು, ರಾಯಚೂರಿನಲ್ಲಿ ಅಕ್ಕಿ ಗಿರಣಿ ಅದೆ, ಆರಿಸಿ ಬಂದು ಮೂರೇ ತಿಂಗಳು. ಶಾಖೆಯವರು ಅವರನ್ನು ಕಂಡದ್ದು ಗೋಡೆಗೆ ತೂಗುಹಾಕಿದ ಫೋಟೋದಲ್ಲಿ ಮಾತ್ರ. ಅದರಲ್ಲಿ ಅವರಿಗೆ ದಪ್ಪ ಮೀಸೆ. ಕಾಶಿಗೆ ಹೋಗಿದ್ದಾರೆ ಅಂತ ಕೆಲವರು, ಪುಣೆಯ ಅಳಿಯನ ಮನೆಯಲ್ಲಿದ್ದಾರೆ ಅಂತ ಕೆಲವರು. ಗಿರಣಿಯಲ್ಲಿ ಕೇಳಿದರೆ ಊರಾಗಿಲ್ರಿ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಮರಿಸ್ವಾಮಿ ಅವತ್ತು ರಜೆ ಹಾಕಿ, ಅರ್ಜಿಯ ಕಂದು ಲಕೋಟೆ ಕಂಕುಳಲ್ಲಿ ಇಟ್ಟುಕೊಂಡು, ಕೊನೆಯ ಸಲ ಗಿರಣಿಯ ಬಾಗಿಲಲ್ಲೇ ಕೂತು ನೋಡೋಣ ಅಂತ ರಾಯಚೂರಿಗೆ ಹೊರಟು ನಿಂತಿದ್ದ. ಆಗ ಈ ಗಾಡಿ ಬಂತು.

ಎಂಥ ಗಾಡಿ ಅಂತೀರಿ. ಮೂತಿ ಹೋಟೆಲ್ಲಿನ ಮುಂದೆ ಇದ್ದರೆ ಬಾಲ ಕಿರಾಣಿ ಅಂಗಡಿ ದಾಟಿತ್ತು. ಹಿಂದಿನ ಕಿಟಕಿಗಳಿಗೆ ಒಳಗಿನಿಂದ ಪರದೆ. ಡ್ರೈವರು ಕೂಡುವ ಬಲಗಡೆ ಒಬ್ಬ ಮನುಷ್ಯ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಕೂತಿದ್ದ, ಸ್ಟಿಯರಿಂಗೇ ಇರಲಿಲ್ಲ. ಸ್ಟಿಯರಿಂಗು ಎಡಗಡೆ ಇತ್ತು. ಅಲ್ಲಿಂದ ಬಿಳಿ ಅಂಗಿಯ ಡ್ರೈವರು ಇಳಿದು ಹೋಟೆಲ್ಲಿನಲ್ಲಿ ನೀರಿನ ಬಾಟಲಿ ತಗೊಂಡ. ಅವನ ಹೆಸರು ಪರ್ವೇಜ್, ಮಾನ್ವಿಯವನೇ, ಪುಣೆಯಲ್ಲಿ ಗಾಡಿ ಓಡಿಸುತ್ತಾನೆ ಅನ್ನುವುದು ಮರಿಸ್ವಾಮಿಗೆ ಆಮೇಲೆ ತಿಳಿಯಿತು.

ಮರಿಸ್ವಾಮಿಗೆ ಅವಸರ. ಬಾಯಿಗೆ ಪೂರಾ ಮಾತು ಬರಲಿಲ್ಲ. ಗಾಡಿಯ ಕಡೆ ಕೈಮಾಡಿ ಕೇಳಿದ.

“ಚೇರ್ಮನ್ ಅಲ್ರೀ?”

“ಹೌದ್ರಿ,” ಅಂದ ಪರ್ವೇಜ್.

“ಭೇಟಿ ಆಗಬೇಕಿತ್ತು.”

“ಈಗ ಆಗಂಗಿಲ್ರಿ.”

“ಮಲಗ್ಯಾರೇನು?”

ಪರ್ವೇಜ್ ಬಾಟಲಿಯ ಮುಚ್ಚಳ ತಿರುಗಿಸಿದ. “ಹಂಗ ಅಂದ್ಕೋರಿ,” ಅಂದು ಗಾಡಿ ಹತ್ತಿದ. ಗಾಡಿ ಸದ್ದಿಲ್ಲದೆ ದೇವದುರ್ಗದ ಕಡೆ ಜಾರಿತು.

ಮರಿಸ್ವಾಮಿ ಒಬ್ಬನೇ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶಾಖೆಯ ಕ್ಯಾಶಿಯರು ಬಸವಪ್ರಸಾದ ಅದೇ ಹೊತ್ತಿಗೆ ಚಹಾಕ್ಕೆ ಬಂದಿದ್ದ. ಕಂಡದ್ದನ್ನೆಲ್ಲ ಫೋಟೋ ತೆಗೆದು ಹತ್ತು ಕಡೆ ಕಳಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಗಾಡಿಯ ಬೆನ್ನಿನ ಫೋಟೋ ಅಷ್ಟರಲ್ಲಾಗಲೇ ಬ್ಯಾಂಕಿನ ವಾಟ್ಸಾಪ್ ಗುಂಪಿಗೆ ಹೋಗಿತ್ತು. ‘ಚೇರ್ಮನ್ ಸಾಹೇಬರು ಜಾಲಹಳ್ಳಿ ದಾಟಿದ್ದಾರೆ. ದೇವದುರ್ಗದವರು ಸಜ್ಜಾಗಿರಿ.’ ಕೆಳಗೆ ಜೋಡಿಸಿದ ಕೈ ಮೂರು ಸಲ.

ದೇವದುರ್ಗದ ಶಾಖೆ ಮಲಗಿದ್ದಲ್ಲಿಂದ ಎದ್ದು ಕೂತಿತು. ಒಬ್ಬರು ಮೇಜು ಒರೆಸಿದರಂತೆ, ಒಬ್ಬರು ಚೆಂಡು ಹೂವಿನ ಮಾಲೆ ತರಲು ಓಡಿದರಂತೆ, ಹಿರಿಯ ಗುಮಾಸ್ತರು ಒಂದು ತಿಂಗಳ ಹಾಜರಿಯ ಸಹಿಯನ್ನು ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದರಂತೆ. ಬಸವಪ್ರಸಾದ ತನ್ನ ಬೈಕು ಹೊರಗೆ ತೆಗೆದು, ಕುಂಡ್ರು ಮರಿಸ್ವಾಮಣ್ಣ, ನಿನ್ನ ನಸೀಬಾನ ಗಾಡಿ ಹತ್ತಿ ಬಂದದ, ಅಂದ. ಅವನಿಗೂ ಚೇರ್ಮನ್ನರ ಮುಂದೆ ಮುಖ ತೋರಿಸುವ ಆಸೆ ಇತ್ತು. ಹಾದಿಯುದ್ದಕ್ಕೂ ಚೇರ್ಮನ್ನರ ಹತ್ತಿರ ಹೇಗೆ ಬಾಗಬೇಕು, ಎಷ್ಟು ಬಾಗಬೇಕು ಅಂತ ಹೇಳಿಕೊಡುತ್ತ ತಗ್ಗು ಬಂದಲ್ಲೆಲ್ಲ ಇಬ್ಬರನ್ನೂ ಕುಕ್ಕರಿಸಿದ.

ದೇವದುರ್ಗದ ಸರ್ಕಲ್ಲಿನಲ್ಲಿ ಗಾಡಿ ಸಿಕ್ಕಿಬಿದ್ದಿತ್ತು. ಉದ್ದ ಗಾಡಿ, ಸಣ್ಣ ತಿರುವು. ಎದುರಿಗೆ ಎರಡು ಬಸ್ಸು, ಹಿಂದೆ ಹತ್ತಿ ತುಂಬಿದ ಲಾರಿ. ಮೂಲೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಲಾಲ್ ಸಾಬ್ ಅನ್ನುವ ಹಿರಿಯ ಮನುಷ್ಯ ಎಣ್ಣೆಗೈಯಲ್ಲೇ ಬಂದು, ಹಿಂದಕ್ಕ, ಮುಂದಕ್ಕ, ಅಂತ ಡ್ರೈವರನಿಗೆ ದಾರಿ ಹೇಳುತ್ತಿದ್ದ. ಅಷ್ಟರಲ್ಲಿ ಬ್ಯಾಂಕಿನವರು ಐದಾರು ಮಂದಿ ಮಾಲೆ ಹಿಡಿದುಕೊಂಡು ಬಂದು ಗಾಡಿಯನ್ನು ಸುತ್ತುವರಿದರು.

ಪರ್ವೇಜ್ ಮಾಲೆ ನೋಡಿದ. ಅವನ ಮುಖ ಸಣ್ಣದಾಯಿತು. ಹಿಂದಿನ ಗಾಜು ಇಳಿಸಿ, ಪರದೆ ಸರಿಸಿದ. ಬಲಗಡೆ ಕೂತಿದ್ದ ಮನುಷ್ಯ ಕೆಳಗೆ ಇಳಿದು ಎಲ್ಲರಿಗೂ ಕೈಮುಗಿದ. ಅವನ ಕಣ್ಣು ಕೆಂಪಗಿದ್ದವು. ಚೇರ್ಮನ್ನರ ಅಳಿಯ ಸಂಜೀವ ಅಂದರೆ ಇವನೇ ಇರಬೇಕು ಅಂತ ಬಸವಪ್ರಸಾದ ಎಲ್ಲರ ಕಿವಿಯಲ್ಲೂ ಊದಿದ.

ಒಳಗೆ ಹಿರಿಯರು ಕೂತಿದ್ದರು. ತಲೆಗೆ ರೇಷ್ಮೆ ರುಮಾಲು, ಹಣೆ ತುಂಬ ವಿಭೂತಿ, ಮೈ ತುಂಬ ಶಾಲು, ಕಣ್ಣು ಮುಚ್ಚಿತ್ತು. ಮೀಸೆ ಇರಲಿಲ್ಲ. ಫೋಟೋದಾಗ ಮೀಸಿ ಅದಾವಲ್ಲ, ಅಂತ ಒಬ್ಬ ಗುಣುಗಿದ. ಕಾಶಿಗೆ ಹೋಗಿ ಕೊಟ್ಟು ಬಂದಾರ ಸುಮ್ನಿರು, ಅಂತ ಇನ್ನೊಬ್ಬ ಗದರಿಸಿದ. ಮಾಲೆಯನ್ನು ಪರ್ವೇಜನೇ ಇಸಗೊಂಡು ಹಿರಿಯರ ಕೊರಳಿಗೆ ಹಾಕಿದ. ಹಿರಿಯರು ಕಣ್ಣು ಬಿಡಲಿಲ್ಲ. ಎಷ್ಟು ಗಂಭೀರ ಮನುಷ್ಯ, ಹಾರಕ್ಕ ಹಿಗ್ಗಂಗಿಲ್ಲ ನೋಡು, ಅಂತ ದೇವದುರ್ಗದ ಹಿರಿಯ ಗುಮಾಸ್ತರು ಮೆಚ್ಚಿಕೊಂಡರು.

ಯಾರೋ ಬೆನ್ನಿಗೆ ತಳ್ಳಿದರು. ಮರಿಸ್ವಾಮಿ ಕಿಟಕಿಗೆ ಹೋಗಿ ನಿಂತ. ಬಸವಪ್ರಸಾದ ಕಲಿಸಿದ ಬಾಗುವುದು ಕೈಮುಗಿಯುವುದು ಎಲ್ಲ ಮರೆತುಹೋಯಿತು.

“ಯಪ್ಪಾ, ನಾ ಮರಿಸ್ವಾಮಿ ಅಂತ, ಜಾಲಹಳ್ಳಿ ಬ್ರಾಂಚ್. ನನ್ನ ಹೆಂಡ್ತಿ ವಾರಕ್ಕ ಎರಡು ಸಲ ಮಷೀನಿಗೆ ಕೈ ಕೊಟ್ಟು ಮಲಗತಾಳ್ರಿ. ನಾಕು ತಾಸು. ನೆಟ್ಟಗ ನೀರು ಕುಡಿಯಂಗಿಲ್ಲ, ಒಂದು ಹಣ್ಣು ತಿನ್ನಂಗಿಲ್ಲ. ನನಗ ಬಡ್ತಿ ಬ್ಯಾಡ, ಪಗಾರ ಹೆಚ್ಚು ಮಾಡೋದು ಬ್ಯಾಡ. ಅಕಿ ಬಾಜೂಕ ಕುಂಡ್ರಾಕ ರಾಯಚೂರಿಗೆ ಕಳಸ್ರಿ. ಅಷ್ಟ ಸಾಕು.”

ಹೇಳುತ್ತ ಹೇಳುತ್ತ ಅವನು ಅತ್ತುಬಿಟ್ಟ. ಲಕೋಟೆಯನ್ನು ಹಿರಿಯರ ತೊಡೆಯ ಮೇಲೆ, ಜೋಡಿಸಿದ ಕೈಗಳ ಕೆಳಗೆ ಇಟ್ಟ. ಬೆರಳು ತಾಗಿದವು, ತಣ್ಣಗಿದ್ದವು. ದೊಡ್ಡವರ ಗಾಡಿಯ ಏಸಿ ಅಂದರೆ ಹೀಗಿರುತ್ತದೆ ಅಂದುಕೊಂಡ. ಹಿರಿಯರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಸಂಜೀವ ಬಿಕ್ಕಿಬಿಟ್ಟ. ಮರಿಸ್ವಾಮಿಯ ಹೆಗಲ ಮೇಲೆ ಕೈ ಇಟ್ಟು, “ಇವರನ್ನ ಇಷ್ಟು ಹಚ್ಕೊಂಡ ಮಂದಿ ಅದಾರ ಅಂತ ನಮಗ ಗೊತ್ತೇ ಇರಲಿಲ್ರಿ,” ಅಂದ.

ಮರಿಸ್ವಾಮಿಗೆ ಆ ಕ್ಷಣ ಕೈಲಾಸವೇ ಕಂಡಿತು. ಚೇರ್ಮನ್ನರ ಅಳಿಯನೇ ತನ್ನ ಕಷ್ಟಕ್ಕೆ ಅತ್ತಮೇಲೆ ಇನ್ನೇನು ಬೇಕು. ಗಾಡಿ ತಿರುವು ದಾಟಿ ಸಿರವಾರದ ಕಡೆ ಹೋಯಿತು. ಸಹಿ ಮಾಡಿಸಿಕೊಳ್ಳಬೇಕಿತ್ತು ಅನ್ನುವುದು ನೆನಪಾಗುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು. ಇರಲಿ, ಓದಿ ಸಹಿ ಮಾಡಿ ಕಳಿಸತಾರ, ಅಂತ ಎಲ್ಲರೂ ಸಮಾಧಾನ ಹೇಳಿದರು.

ಆಗ ಲಾಲ್ ಸಾಬ್ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅವನು ಇಪ್ಪತ್ತು ವರ್ಷ ರಿಯಾದಿನಲ್ಲಿ ದೊಡ್ಡ ದೊಡ್ಡ ಗಾಡಿ ಬಿಚ್ಚಿ ಕೂಡಿಸಿದವನು. ಇಷ್ಟು ಹಾರ ತುರಾಯಿ ಯಾರಿಗೆ ಅಂತ ಕೇಳಿದ. ನಮ್ಮ ಚೇರ್ಮನ್ರಿಗೆ, ಅಂತ ಬಸವಪ್ರಸಾದ ಎದೆ ಸೆಟೆಸಿ ಹೇಳಿದ. ಗಾಡಿ ಮ್ಯಾಲ ಬರದದಲ್ಲ, ಓದಾಕ ಬರಂಗಿಲ್ಲೇನು, ಅಂತಲೂ ಕೇಳಿದ.

ಲಾಲ್ ಸಾಬ್ ನಗಲಿಲ್ಲ. ನಕ್ಕಿದ್ದರೂ ಚಲೋ ಇತ್ತು.

“ಅದು ಗಾಡಿ ಹೆಸರು ರೀ. ಕೊರಿಯಾ ದೇಶದ್ದು. ಅಲ್ಲಿ ದೊಡ್ಡ ದೊಡ್ಡ ಸೇಠಗೋಳು ಅಡ್ಡಾಡೋ ಗಾಡಿ, ಅದಕ್ಕ ಚೇರ್ಮನ್ ಅಂತ ಹೆಸರಿಟ್ಟಾರ. ರಿಯಾದ್‌ದಾಗ ಒಂದ ಸಲ ನೋಡಿದ್ದೆ, ಇಪ್ಪತ್ತು ವರ್ಷದಾಗ ಒಂದ ಸಲ. ಈ ಕಡಿ ಹೆಂಗ ಬಂತೋ ಅಲ್ಲಾನೇ ಬಲ್ಲ. ಅಂಬಾಸಿಡರ್ ಗಾಡಿ ಇತ್ತಲ್ರಿ ಮೊದಲ, ಅದರಾಗೇನು ಅಂಬಾಸಿಡರ್ ಕುಂಡ್ರತಿದ್ರಾ? ನಮ್ಮ ತಹಶೀಲ್ದಾರ ಕುಂಡ್ರತಿದ್ದ.”

ಹಿರಿಯ ಗುಮಾಸ್ತರು ಮಾಲೆಯ ದುಡ್ಡು ಯಾರು ಕೊಡಬೇಕು ಅಂತ ಕೇಳಿದರು. ನಾನು ಕೇಳಿದಾಗ ಡ್ರೈವರು ಹೌದು ಅಂದ, ಅಂತ ಮರಿಸ್ವಾಮಿ ತೊದಲಿದ. ಗಾಡಿ ಕಡೆ ಕೈಮಾಡಿ ಕೇಳಿದರೆ ಗಾಡಿಯ ಹೆಸರೇ ಹೇಳುತ್ತಾನೆ, ಮತ್ತೇನು ತನ್ನ ಅಪ್ಪನ ಹೆಸರು ಹೇಳಬೇಕಿತ್ತೇನು, ಅಂತ ಬಸವಪ್ರಸಾದ ಸಿಟ್ಟಿಗೆದ್ದ. ಫೋಟೋ ತೆಗೆದವನು ತಾನು, ಗುಂಪಿಗೆ ಹಾಕಿದವನು ತಾನು. ಆದರೂ ಐದು ನಿಮಿಷದಲ್ಲಿ ಗುಂಪಿನಲ್ಲಿ ಹೊಸ ಸುದ್ದಿ ಬಂತು. ‘ಮರಿಸ್ವಾಮಿಯವರ ತಪ್ಪು ಮಾಹಿತಿಯಿಂದ ಆದ ತೊಂದರೆಗೆ ವಿಷಾದವಿದೆ.’ ಆಮೇಲೆ ಬೈಕು ಹತ್ತಿ ಒಬ್ಬನೇ ಹೋದ.

ಮರಿಸ್ವಾಮಿಗೆ ಮಾನದ ಚಿಂತೆ ಇರಲಿಲ್ಲ. ಮಾನ ಹೋದರೆ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಅರ್ಜಿ ಹೋಗಿತ್ತು. ಮ್ಯಾನೇಜರ ಶಿಫಾರಸು, ದೊಡ್ಡ ಡಾಕ್ಟರ ಸರ್ಟಿಫಿಕೇಟು, ಎಲ್ಲ ಆ ಲಕೋಟೆಯಲ್ಲಿ, ಯಾರೋ ಗುರುತಿಲ್ಲದ ಮುದುಕನ ತೊಡೆಯ ಮೇಲೆ. ಗಂಟೆ ಹನ್ನೆರಡೂವರೆ. ಲಕೋಟೆ ಸಿಕ್ಕರೆ ಇನ್ನೂ ರಾಯಚೂರಿನ ಗಿರಣಿ ಮುಟ್ಟಬಹುದು. ಸಿಗದಿದ್ದರೆ ಉಮಾಶ್ರೀಗೆ ಏನು ಹೇಳುವುದು? ಅವನು ಸರ್ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕೂತ.

ಲಾಲ್ ಸಾಬ್ ಅವನನ್ನು ನೋಡಿ ಗ್ಯಾರೇಜಿನ ಬಾಗಿಲು ಎಳೆದ. ತನ್ನ ಪಿಕಪ್ ವ್ಯಾನು ಚಾಲೂ ಮಾಡಿ, ಹತ್ರಿ, ನನಗೂ ಮಾನ್ವಿಯಾಗ ಸಾಮಾನು ತರೋದದ, ಅಂದ. ಸಾಮಾನು ತರುವುದು ನೆಪ. ಆ ಗಾಡಿಯ ಬಾನೆಟ್ ಎತ್ತಿಸಿ ಒಮ್ಮೆ ಇಂಜಿನ್ ನೋಡಬೇಕು, ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು, ಮನೆಯಲ್ಲಿ ಹೆಂಡತಿ ಗುಲ್ಶನ್ ಬೇಗಂಗೆ ತೋರಿಸಿ ನಾನು ರಿಯಾದಿನಲ್ಲಿ ಕಂಡೆ ಅಂದದ್ದು ಸುಳ್ಳಲ್ಲ ಅಂತ ಸಾಧಿಸಬೇಕು, ಅನ್ನುವ ಆಸೆ ಅವನಿಗೆ. ಹಾದಿಯುದ್ದಕ್ಕೂ ಆ ಗಾಡಿಯ ಗುಣಗಾನ ಮಾಡಿದ. ಹಿಂದಿನ ಸೀಟು ಗುಂಡಿ ಒತ್ತಿದರೆ ಮಂಚವಾಗುತ್ತದಂತೆ, ಕಾಲು ಚಾಚಿ ಮಲಗಬಹುದಂತೆ, ಬೆನ್ನು ಒತ್ತುವ ಯಂತ್ರ ಸೀಟಿನ ಒಳಗೇ ಇರುತ್ತದಂತೆ.

“ಒಂದ ಮಾತು ತಿಳೀಲಿಲ್ಲ ನನಗ,” ಅಂದ ಸಿರವಾರ ದಾಟಿದ ಮೇಲೆ. “ಅಂಥಾ ಸೀಟು. ಆ ಯಜಮಾನ್ರು ಕಟ್ಟಿಗಿ ಕುರ್ಚಿ ಮ್ಯಾಲ ಕುಂತಂಗ ನೆಟ್ಟಗ ಕುಂತಿದ್ರಲ್ಲ. ಯಾಕಿರಬೇಕು?”

ಮರಿಸ್ವಾಮಿಗೆ ಆ ಚಿಂತೆ ಬೇಕಿರಲಿಲ್ಲ. ಎರಡು ಕಡೆ ಇಳಿದು ಉದ್ದನ ಕರಿ ಗಾಡಿ ಕಂಡಿರೇನು ಅಂತ ಕೇಳಿದ. ಒಬ್ಬ ಅದು ಲಾರಿಗಿಂತ ಉದ್ದ ಇತ್ತು ಅಂದ. ಇನ್ನೊಬ್ಬ ಡ್ರೈವರಿಲ್ಲದೆ ತಾನೇ ಓಡುತ್ತಿತ್ತು, ನನ್ನ ಕಣ್ಣಾರೆ ಕಂಡೆ ಅಂತ ಆಣೆ ಇಟ್ಟ. ಮಾನ್ವಿಯ ಪೆಟ್ರೋಲ್ ಬಂಕಿನವನು ಮಾತ್ರ ನೀರಮಾನ್ವಿಯ ಹಾದಿಗೆ ಕೈ ತೋರಿಸಿದ. ನಡುವೆ ಉಮಾಶ್ರೀ ಎರಡು ಸಲ ಫೋನು ಹಚ್ಚಿದಳು. ಮರಿಸ್ವಾಮಿ ಎತ್ತಲಿಲ್ಲ. ಎತ್ತಿ ಏನು ಹೇಳಬೇಕು?

ನೀರಮಾನ್ವಿಯಲ್ಲಿ ಒಂದು ದೊಡ್ಡ ಮನೆಯ ಮುಂದೆ ಬೇವಿನ ಗಿಡದ ನೆರಳಿಗೆ ಗಾಡಿ ನಿಂತಿತ್ತು. ಮನೆಯ ಮುಂದೆ ಶಾಮಿಯಾನ. ಮಂದಿಯೋ ಮಂದಿ. ಒಳಗಿನಿಂದ ತಾಳದ ಸದ್ದು, ಭಜನೆ. ಮದುವೆ ಮನಿ ಇದ್ದಂಗದ, ಊಟಾನೂ ಆಗತದ ನಡ್ರಿ, ಅಂದ ಲಾಲ್ ಸಾಬ್. ಪರ್ವೇಜ್ ಗಾಡಿಗೆ ಒರಗಿ ನಿಂತಿದ್ದ. ಮರಿಸ್ವಾಮಿ ಓಡಿ ಹೋಗಿ, ತಪ್ಪಾಗಿದೆ, ಬೇರೆ ಯಾರೋ ಅಂತ ತಿಳಿದು ಲಕೋಟೆ ಕೊಟ್ಟುಬಿಟ್ಟೆ, ದಯಮಾಡಿ ವಾಪಸು ಕೊಡಿಸು ಅಂತ ಬೇಡಿಕೊಂಡ.

“ಅದು ಸಾಹೇಬ್ರ ಹತ್ರಾನ ಅದರಿ,” ಅಂದ ಪರ್ವೇಜ್.

“ಸಾಹೇಬ್ರು ಎಲ್ಲಿ?”

ಪರ್ವೇಜ್ ಗದ್ದ ಎತ್ತಿ ಶಾಮಿಯಾನದ ಕಡೆ ತೋರಿಸಿದ.

ಅಲ್ಲಿ ಬಾಳೆಕಂಬ ಕಟ್ಟಿ, ಹೂವಿನಿಂದ ಸಿಂಗರಿಸಿದ ಪೀಠದಲ್ಲಿ ಹಿರಿಯರು ಕೂತಿದ್ದರು. ಅದೇ ರುಮಾಲು, ಅದೇ ವಿಭೂತಿ, ಅದೇ ಮುಚ್ಚಿದ ಕಣ್ಣು. ಹಿಂದಿನ ಕಂಬಕ್ಕೆ ತಲೆ ಸರಿಯದಂತೆ ಬಿಳಿ ಬಟ್ಟೆ ಕಟ್ಟಿದ್ದರು. ಸುತ್ತ ಹೆಣ್ಣುಮಕ್ಕಳು ಅಳುತ್ತಿದ್ದರು. ಕೊರಳಲ್ಲಿ ದೇವದುರ್ಗದ ಚೆಂಡು ಹೂವಿನ ಮಾಲೆ. ಲಾಲ್ ಸಾಬ್ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಸೀಟು ಯಾಕೆ ಮಂಚ ಮಾಡಿರಲಿಲ್ಲ ಅನ್ನುವುದು ಅವನಿಗೆ ಈಗ ತಿಳಿಯಿತು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಣ್ಣಿಗೆ ಇಡುವುದೂ ಕೂಡಿಸಿಯೇ. ಮರಿಸ್ವಾಮಿ ಹುಟ್ಟಿದಾಗಿನಿಂದ ನೂರು ಮಂದಿಯನ್ನು ಹಾಗೆ ಕೂತದ್ದು ಕಂಡವನು. ಆದರೆ ಗಾಡಿಯಲ್ಲಿ ಕೂತದ್ದು ಕಂಡಿರಲಿಲ್ಲ.

ಪರ್ವೇಜ್ ಮೆಲ್ಲಗೆ ಎಲ್ಲ ಹೇಳಿದ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟಿದ್ದರಂತೆ, ಉಸಿರಿನ ಕೊಳವೆಗೆ ಅಂತ ಮೀಸೆ ಬೋಳಿಸಿದ್ದರಂತೆ, ನಡುರಾತ್ರಿ ಹೋದರಂತೆ. ಆಂಬುಲೆನ್ಸಿನಲ್ಲಿ ಮಲಗಿಸಿ ತರಲು ಅಳಿಯನಿಗೆ ಮನಸ್ಸಾಗಲಿಲ್ಲ. ಪುಣೆಯಲ್ಲಿ ಕೊರಿಯಾದ ಕಂಪನಿಯ ಸಾಹೇಬರಿಗೆ ಗಾಡಿ ಬಾಡಿಗೆ ಕೊಡುವ ವ್ಯಾಪಾರ ಅವನದು, ಆ ಸಾಹೇಬರೇ ಬಿಟ್ಟುಹೋದ ಗಾಡಿ ಇದು. ಮಾವನನ್ನು ಅದರಲ್ಲಿ ಕೂಡಿಸಿಕೊಂಡು ಹೊರಟ. ಮನೆಯಲ್ಲಿ ಅತ್ತೆಗೆ ಆರಾಮಾಗಿ ಬರಾಕತ್ತಾರ ಅಂತ ಹೇಳಿತ್ತು. ಊರಿನ ನಾಲ್ಕು ಹಿರಿಯರಿಗೆ ಮಾತ್ರ ಖರೇ ತಿಳಿಸಿ ಶಾಮಿಯಾನ, ಹೂವು ಸಜ್ಜು ಇಡಿಸಿದ್ದ. ಹೆಣ ಹೊಸ್ತಿಲು ಮುಟ್ಟುವ ತನಕ ಯಾರಿಗೂ ಬಾಯಿ ಬಿಡಬೇಡ ಅಂತ ಪರ್ವೇಜನಿಗೆ ಕಟ್ಟಪ್ಪಣೆ. ದೇವದುರ್ಗದಲ್ಲಿ ಮಾಲೆ ಕಂಡಾಗ ಸುದ್ದಿ ಹೇಗೋ ಹಬ್ಬಿರಬೇಕು ಅಂದುಕೊಂಡರಂತೆ. ಮರಿಸ್ವಾಮಿ ಕಿಟಕಿಯಲ್ಲಿ ಹೇಳಿಕೊಂಡದ್ದನ್ನೂ ಸತ್ತವರ ಮುಂದೆ ಕಷ್ಟ ತೋಡಿಕೊಂಡು ಅತ್ತದ್ದು ಅಂತಲೇ ತಿಳಿದರಂತೆ.

ಪಾಪ, ಯಾರೋ ಏನೋ, ಅಂತ ಮರಿಸ್ವಾಮಿ ಕೈಮುಗಿದ. ಅಷ್ಟರಲ್ಲಿ ಇಬ್ಬರು ಏಣಿ ಹತ್ತಿ ಶಾಮಿಯಾನದ ಮೇಲೆ ಬ್ಯಾನರು ಕಟ್ಟಿದರು. ಅದರಲ್ಲಿ ದಪ್ಪ ಮೀಸೆಯ ಒಂದು ಫೋಟೋ. ಆ ಫೋಟೋ ಜಾಲಹಳ್ಳಿ ಶಾಖೆಯಲ್ಲಿ ಅವನ ಕುರ್ಚಿಯ ಎದುರಿಗೇ ಮೂರು ತಿಂಗಳಿನಿಂದ ತೂಗುತ್ತಿತ್ತು. ಕೆಳಗೆ ಬರೆದಿತ್ತು. ‘ಮುದುಕಪ್ಪ ಸಾಹುಕಾರರು. ಗಿರಣಿ ಮಾಲೀಕರು. ಸೌಹಾರ್ದ ಬ್ಯಾಂಕಿನ ಅಧ್ಯಕ್ಷರು.’

ಗಾಡಿಯ ಹೆಸರು ಚೇರ್ಮನ್. ಅದರಲ್ಲಿ ಕೂತವರೂ ಚೇರ್ಮನ್ನರೇ. ಇವನು ಹದಿನೈದು ದಿನದಿಂದ ಹುಡುಕುತ್ತಿದ್ದ ಚೇರ್ಮನ್ನರು. ನೀರಮಾನ್ವಿ ಅವರ ಹುಟ್ಟೂರು ಅನ್ನುವುದು ಇವನಿಗೆ ಯಾರೂ ಹೇಳಿರಲಿಲ್ಲ.

ಶಾಲಿನ ಕೆಳಗಿನಿಂದ ಕಂದು ಲಕೋಟೆಯ ಮೂಲೆ ಒಂದು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು. ಚೇರ್ಮನ್ನರು ಹೋದರೆ ಹೋದರು, ಕಾಗದವಾದರೂ ಉಳಿಯಬೇಕು. ಡಾಕ್ಟರ ಸರ್ಟಿಫಿಕೇಟಿಗೆ ಉಮಾಶ್ರೀ ನಾಲ್ಕು ದಿನ ಸಾಲಿನಲ್ಲಿ ಕೂತಿದ್ದಳು. ಮರಿಸ್ವಾಮಿ ದರ್ಶನದ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಪಾದಕ್ಕೆ ಬಾಗಿದವನು ಮೇಲೇಳುವಾಗ ಶಾಲಿನ ಕಡೆ ಕೈ ಹಾಕಿದ. ಲಕೋಟೆ ಬರಲಿಲ್ಲ, ಜೋಡಿಸಿದ ಕೈಗಳು ಬಿಗಿಯಾಗಿದ್ದವು. ಇನ್ನೊಂದು ಸಲ ಎಳೆದ. ಹಿರಿಯರು ತುಸು ವಾಲಿ ಅವನ ಹೆಗಲಿಗೆ ಒರಗಿದರು. ಮಂದಿ ಹೋ ಅಂದರು. ತಬ್ಬಿಕೊಂಡು ಬಿಟ್ಟ ನೋಡ್ರಿ ಪಾಪ, ಬಿಡಿಸ್ರಿ, ಅಂತ ನಾಲ್ಕು ಮಂದಿ ಅವನ ರಟ್ಟೆ ಹಿಡಿದು ಎಳೆದರು. ಅವನು ಕೈ ಬಿಡಲಿಲ್ಲ. ಬಿಡಿಸಿದಾಗ ಅವನು ಅಳುತ್ತಿದ್ದ, ಎದೆ ಒಡೆದು ಅಳುತ್ತಿದ್ದ. ಚೇರ್ಮನ್ನರಿಗಾಗಿ ಅಷ್ಟು ಅತ್ತವರು ಅವತ್ತು ಆ ಶಾಮಿಯಾನದಲ್ಲಿ ಮತ್ತೊಬ್ಬರಿರಲಿಲ್ಲ.

ಚೇರ್ಮನ್ನರ ಹೆಂಡತಿ ನೀಲಗಂಗಮ್ಮ ಅವನನ್ನು ಹತ್ತಿರ ಕರೆದಳು. ಮುಂಜಾನೆ ಗಂಡ ಆರಾಮಾಗಿ ಬರುತ್ತಾನೆ ಅಂತ ಜೋಳದ ರೊಟ್ಟಿ ಬಡಿದಿಟ್ಟು ಕಾದು ಕೂತಿದ್ದವಳು. ದೇವದುರ್ಗದಲ್ಲಿ ಇವನು ಅತ್ತದ್ದನ್ನು ಅಳಿಯ ಆಕೆಗೆ ಹೇಳಿದ್ದ.

“ಎಲ್ಲಿಂದೋ ಬೆನ್ನ ಹತ್ತಿ ಬಂದಿದಿ ತಮ್ಮಾ. ಏನೋ ಕಾಗದಾನೂ ಬರದಿಟ್ಟೀ ಅಂತ. ನಾ ಅದನ್ನ ಯಾರಿಗೂ ತಗೀಗೊಟ್ಟಿಲ್ಲ. ಇಷ್ಟು ಮಂದಿ ಬಂದು ಹಾರ ಹಾಕಿದ್ರು, ಕೈಯಾಗ ಕಾಗದ ಇಟ್ಟಾವ ನೀ ಒಬ್ಬನ. ಅದು ಅವರ ಕೂಡಾನ ಹೋಗಲಿ.”

ಮರಿಸ್ವಾಮಿ ಬಾಯಿ ತೆರೆದ. ಅವ್ವಾ, ಅದು ವರ್ಗಾವಣೆ ಅರ್ಜಿ, ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಆಕೆ ಅವನ ಎರಡೂ ಕೈ ಹಿಡಿದುಕೊಂಡಿದ್ದಳು. ಹತ್ತು ಮಾತು ಬಂದರೂ ಆ ಮುಖ ನೋಡಿ ಆಡುವ ಹಾಗಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡು ಆಗಲಿ ಅಂತ ತಲೆ ಅಲ್ಲಾಡಿಸಿದ. ಈ ಒಂದು ಕೆಲಸ ಅವನು ಅವತ್ತು ಮಾಡಿದ್ದರಲ್ಲೆಲ್ಲ ಸರಿಯಾದದ್ದು ಅಂತ ನನಗೆ ಅನಿಸುತ್ತದೆ. ಅವನಿಗೇನೂ ಹಾಗೆ ಅನಿಸಲಿಲ್ಲ.

ನಾಲ್ಕೂವರೆಗೆ ಸ್ವಂತ ಹೊಲದಲ್ಲೇ ಸಮಾಧಿ ಆಯಿತು. ಸ್ವಾಮಿಗಳು ಮಂತ್ರ ಹೇಳಿದರು. ವಿಭೂತಿ ಗಟ್ಟಿ ಇಟ್ಟರು, ಬಿಲ್ವಪತ್ರೆ ಹಾಕಿದರು. ಸಾಲಿನಲ್ಲಿ ನಿಂತವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಮರಿಸ್ವಾಮಿಯ ಸರದಿಯೂ ಬಂತು. ತನ್ನ ಅರ್ಜಿಯ ಮೇಲೆ ತಾನೇ ಒಂದು ಹಿಡಿ ಮಣ್ಣು ಹಾಕಿ ಬಂದ.

ಲಾಲ್ ಸಾಬ್ ಇಂಜಿನ್ ನೋಡುವ ಮಾತು ಎತ್ತಲೇ ಇಲ್ಲ. ಅವನನ್ನು ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಒಂದು ಚಹಾ ಕುಡಿಸಿ, ಖುದಾ ದೊಡ್ಡಾವ ಅದಾನ ಮರಿಸ್ವಾಮಿ, ಅಂತ ಹೇಳಿ ಹೋದ.

ಐದೂ ಹತ್ತಕ್ಕೆ ಬಸವಪ್ರಸಾದನ ಫೋನು ಬಂತು. ಉಪಾಧ್ಯಕ್ಷ ಬಸವಲಿಂಗಪ್ಪನವರು ಚಾರ್ಜು ತಗೊಂಡರಂತೆ. ಮಣ್ಣಿಗೆ ಬರಲು ಅವರಿಗೆ ಪುರಸೊತ್ತಾಗಲಿಲ್ಲ, ಫೈಲು ನೋಡಲು ಆಯಿತು. ರಾಯಚೂರಿನ ಜಾಗಕ್ಕೆ ಫೈಲಿನಲ್ಲಿ ಇದ್ದದ್ದು ಒಂದೇ ಅರ್ಜಿ, ಬಸವಪ್ರಸಾದನದು. ಅದಕ್ಕೇ ಸಹಿ ಬಿತ್ತು. ಯಾವುದಕ್ಕೂ ಇರಲಿ ಅಂತ ಹೋದ ವಾರ ಸುಮ್ಮನೆ ಕೊಟ್ಟಿಟ್ಟಿದ್ದನಂತೆ. ನಿಂದೂ ಇದ್ದಿದ್ದರ ನಾನೇ ಹಿಂದಕ್ಕ ಸರಿತಿದ್ದೆ ಮರಿಸ್ವಾಮಣ್ಣ, ಆದ್ರ ಇರಲಿಲ್ಲಲ್ಲ, ಅಂದ. ಒಳ್ಳೆಯದಾಗಲಿ ಅಂದ ಮರಿಸ್ವಾಮಿ.

ರಾಯಚೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಈ ಸಲ ಉಮಾಶ್ರೀಯ ಫೋನು ಎತ್ತದೆ ಗತಿ ಇರಲಿಲ್ಲ.

“ಮುಂಜಾನಿಂದ ಹಚ್ಚಾಕತ್ತೀನಿ, ಎಲ್ಲಿದ್ರಿ?” ಅಂದಳು. “ಚೇರ್ಮನ್ರು ಸಿಕ್ರೇನು?”

“ಸಿಕ್ರು.”

“ಖರೇನ? ಅರ್ಜಿ ತಗೊಂಡ್ರಾ?”

“ತಗೊಂಡ್ರು.”

“ಏನಂದ್ರು?”

“ಏನೂ ಅನ್ನಲಿಲ್ಲ.”

ಆ ಕಡೆ ಉಮಾಶ್ರೀ ನಕ್ಕಳು. ಎರಡು ವರ್ಷದಲ್ಲಿ ಮರಿಸ್ವಾಮಿ ಆ ನಗು ಕೇಳಿರಲಿಲ್ಲ.

“ಅರ್ಜಿ ತಿರುಗಿ ಕೊಡಲಿಲ್ಲ ಅಂದ್ರ ಆತು ತಗೋರಿ. ದೊಡ್ಡ ಮಂದಿ ಬಾಯಿ ಬಿಟ್ಟು ಹೂಂ ಅಂತಾರೇನು? ಮಾಡಂಗಿಲ್ಲ ಅನ್ನೋರು ಅಲ್ಲೇ ಮಾರಿ ಮ್ಯಾಲ ಒಗದು ಕಳಸತಿದ್ರು. ನೋಡ್ರಿ, ವಾಹಿದಾ ಪಾಪ ಮಗಳ ಹತ್ರ ಹೋಗಬೇಕಂತ ಎಷ್ಟು ದಿನದಿಂದ ಬಾಯಿ ಕಟ್ಕೊಂಡು ಕುಂತಾಳ. ನಿನ್ನ ಉಪಕಾರ ಸಾಕವ್ವ, ಮುಂದಿನ ವಾರದಿಂದ ನಮ್ಮನಿಯವರೇ ಬರ್ತಾರ, ನೀ ನಾಳಿಂದೊಂದು ಕುಂತು ನಾಡಿದ್ದ ಹೊಂಡು ಅಂತ ಈಗಿಂದೀಗ ಹೇಳಿಬಿಡತೀನಿ.”

“ಉಮಾ, ಕೇಳಿಲ್ಲಿ,” ಅಂದ ಮರಿಸ್ವಾಮಿ.

ಆಕೆ ಫೋನು ಇಟ್ಟಾಗಿತ್ತು. ಅವನು ತಿರುಗಿ ಹಚ್ಚಿದ. ಉಮಾಶ್ರೀ ಇನ್ನೊಬ್ಬರ ಜೊತೆ ಮಾತಿನಲ್ಲಿದ್ದಳು.